ಡೆಲಿವರಿ ನೋಟ್‌ಗೂ ಪಾಲಿಸಿಗೂ ನಡುವೆ ಎಂಟು ಗಂಟೆ ಇಪ್ಪತ್ತು ನಿಮಿಷ

ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಸಸ್ತಾ ಸಿಗುತ್ತದೆ ಅನ್ನುವ ಮಾತು ನಮ್ಮ ರಾಯಚೂರು ಜಿಲ್ಲೆಯ ಎಲ್ಲ ಚಹಾದಂಗಡಿಯಲ್ಲೂ ಕೇಳುತ್ತದೆ. ಸುಳ್ಳಲ್ಲ. ನಾನೂ ಅದನ್ನು ಕೇಳಿಯೇ ಹೋದವನು. ಈಗ ನಾನು ತಂದಿದ್ದು ಗೊತ್ತಾಗಿ ವಾರಕ್ಕೊಬ್ಬರಾದರೂ ಅಂಗಡಿಗೆ ಬಂದು "ಹೆಂಗ ತಂದ್ರಿ? ರೇಟ್ ಎಷ್ಟಾತು?" ಅಂತ ಕೇಳುತ್ತಾರೆ. ರೇಟ್ ಹೇಳಿದ ಕೂಡಲೇ ಅವರ ಮುಖ ಅರಳುತ್ತದೆ. ಉಳಿದ ಕಥೆ ಶುರು ಮಾಡುವಷ್ಟರಲ್ಲಿ ಯಾರೋ ಯೂರಿಯಾ ಕೇಳಿಕೊಂಡು ಬರುತ್ತಾರೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನನ್ನದು ಮಾನ್ವಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಬೇಕಾಗಿದ್ದದ್ದು ಮನೆ ಮಂದಿ ಕೂರುವಂಥ ಒಂದು ಗಾಡಿ, ಹಿಂದೆ ಸಾಮಾನಿಗೆ ಡಿಕ್ಕಿ ಇರುವಂಥದ್ದು. ಹೈದರಾಬಾದಿನ ಒಬ್ಬ ಕನ್ಸಲ್ಟೆನ್ಸಿಯವನ (ಅಂದರೆ ಹಳೇ ಗಾಡಿ ಮಾರುವವನ) ಹತ್ತಿರ 2016ರ ಮಾಡೆಲ್ ಸ್ವಿಫ್ಟ್ ಡಿಸೈರ್ ಇತ್ತು. ಇಲ್ಲಿಯ ರೇಟಿಗಿಂತ ಅರವತ್ತೈದು ಸಾವಿರ ಕಮ್ಮಿ. ನಾನೂ ನನ್ನ ಹೆಂಡತಿಯ ತಮ್ಮನೂ ಬೆಳಗಿನ ಬಸ್ಸಿಗೆ ಹೋದೆವು. ಮೆಕ್ಯಾನಿಕ್‌ನ್ನೂ ಕರೆದುಕೊಂಡು ಹೋಗಿದ್ದೆವು, ಅಷ್ಟು ಬುದ್ಧಿ ಇತ್ತು. ಅವನು ಬಾನೆಟ್ ಎತ್ತಿ, ಆಯಿಲ್ ನೋಡಿ, ಸೀಟ್ ಕೆಳಗೆ ಕೈ ಹಾಕಿ ತುಕ್ಕು ನೋಡಿ "ಗಾಡಿ ಚಲೋ ಅದ ಅಣ್ಣ" ಅಂದ. ಗಾಡಿ ಇವತ್ತಿಗೂ ಚಲೋ ಇದೆ. ಗಾಡಿಯ ಬಗ್ಗೆ ನನ್ನ ತಕರಾರೇ ಇಲ್ಲ.

ಕಾಗದ ನೋಡುವ ಮೆಕ್ಯಾನಿಕ್ ಯಾರೂ ನಮ್ಮ ಜೊತೆ ಇರಲಿಲ್ಲ.

ಇನ್ಶೂರೆನ್ಸ್ ಕೇಳಿದೆ. ಹೋದ ವಾರ ಮುಗಿದಿದೆ, ಐದು ನಿಮಿಷದಲ್ಲಿ ಮಾಡಿಸುತ್ತೇನೆ ಅಂದ ಕನ್ಸಲ್ಟೆನ್ಸಿಯವನು. ನಮ್ಮ ಎದುರೇ ಮೊಬೈಲಿನಲ್ಲಿ ಥರ್ಡ್ ಪಾರ್ಟಿ ಪಾಲಿಸಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಇರುವ ಇನ್ಶೂರೆನ್ಸ್) ಮಾಡಿ ಪಿಡಿಎಫ್ ಕಳಿಸಿದ. ಕಂಪನಿ ಹೆಸರು, ಗಾಡಿ ನಂಬರ್, ಚಾಸಿ ನಂಬರ್, ಮುಂದಿನ ವರ್ಷದ ತಾರೀಖು ಎಲ್ಲ ಸರಿಯಾಗಿತ್ತು. ಡೂಪ್ಲಿಕೇಟ್ ಅಲ್ಲ, ಅಸಲಿ ಪಾಲಿಸಿನೇ. ನಾನು "ಯಾವತ್ತಿನವರೆಗೆ" ಅನ್ನುವುದು ಮಾತ್ರ ನೋಡಿದೆ. ನಾವೆಲ್ಲ ನೋಡುವುದು ಅದನ್ನೇ ಅಲ್ವಾ? ಸರ್ಕಾರದ ಎಂ-ಪರಿವಾಹನ್ ಆಪ್‌ನಲ್ಲೂ ಕಣ್ಣಿಗೆ ಬೀಳುವುದು ಮುಗಿಯುವ ತಾರೀಖು.

ಆಮೇಲೆ ಡೆಲಿವರಿ ನೋಟ್. ಇದನ್ನು ಅವರು ಬಲು ಶ್ರದ್ಧೆಯಿಂದ ಬರೆಸುತ್ತಾರೆ. ಇಂಥ ದಿನ ಇಷ್ಟು ಗಂಟೆಗೆ ಗಾಡಿ ನನ್ನ ವಶಕ್ಕೆ ಬಂದಿದೆ, ಇಲ್ಲಿಂದ ಮುಂದೆ ಆಕ್ಸಿಡೆಂಟ್, ಪೊಲೀಸ್ ಕೇಸ್, ಚಲನ್ ಏನೇ ಬಂದರೂ ನಾನೇ ಜವಾಬ್ದಾರಿ ಅಂತ ಅದರಲ್ಲಿರುತ್ತದೆ. ಆ ಮನುಷ್ಯ ತನ್ನ ವಾಚ್ ನೋಡಿ, ಪೆನ್ನಿನಲ್ಲಿ ನೀಟಾಗಿ 3:40 ಅಂತ ಬರೆದ. ನಾನು ಸಹಿ ಮಾಡಿದೆ. ಮಾಮೂಲಿ ಕಾಗದ ಅಂದುಕೊಂಡೆ. ಟೆಂಗಿನಕಾಯಿ ಒಡೆದು ಹೊರಟೆವು.

ಶಾದ್‌ನಗರದ ಹತ್ತಿರ ಟೋಲಿನಲ್ಲಿ ಗೊತ್ತಾಯಿತು, ಗಾಜಿನ ಮೇಲಿದ್ದ ಫಾಸ್ಟ್ಯಾಗ್ ಹಳೇ ಮಾಲೀಕನದ್ದು, ಅದನ್ನು ಅವನು ಬಂದ್ ಮಾಡಿಸಿದ್ದಾನೆ. ಕ್ಯಾಶ್ ಕೊಟ್ಟರೆ ಡಬಲ್. ಕೊಟ್ಟೆವು. ಅದು ಸಣ್ಣದು, ಬಿಡಿ.

ಜಡ್ಚರ್ಲಾ, ಮಹಬೂಬ್‌ನಗರ ದಾಟಿ ಮಕ್ತಲ್ ಬರುವಷ್ಟರಲ್ಲಿ ಏಳೂವರೆ. ಕೃಷ್ಣಾ ಹೊಳೆ ದಾಟಿದರೆ ಶಕ್ತಿನಗರ, ಅಲ್ಲಿಂದ ರಾಯಚೂರು ಎಷ್ಟರ ದೂರ? ಮನೆಗೆ ಫೋನ್ ಮಾಡಿ ಆರತಿ ತಟ್ಟೆ ರೆಡಿ ಇಡಿ ಅಂತಲೂ ಹೇಳಿದ್ದೆ. ಬಲಗಡೆ ಹೊಲದ ದಾರಿಯಿಂದ ಒಂದು ಟಿವಿಎಸ್ ಎಕ್ಸೆಲ್ ಲೈಟ್ ಇಲ್ಲದೆ ಬಂತು. ನನಗೆ ಆ ಗಾಡಿಯ ಬ್ರೇಕು, ಕ್ಲಚ್ಚು ಇನ್ನೂ ಕಾಲಿಗೆ ಹೊಂದಿರಲಿಲ್ಲ. ತಪ್ಪು ಅರ್ಧ ಅವರದ್ದು, ಅರ್ಧ ನನ್ನದು. ಬಂಪರಿನ ಮೂಲೆ ತಾಗಿತು. ಹಿರಿಯರು ಒಬ್ಬರು ಬಿದ್ದರು. ಮುಂದೆ ಇಟ್ಟುಕೊಂಡಿದ್ದ ಚೀಲ ಒಡೆದು ತೊಗರಿ ರಸ್ತೆ ತುಂಬ ಚೆಲ್ಲಿತು. ಆ ತೊಗರಿ ಕಾಳು ಹೆಡ್‌ಲೈಟಿನ ಬೆಳಕಿನಲ್ಲಿ ಉರುಳುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರು ನೋವಿನಲ್ಲೂ ಕೈಚಾಚಿ ಕಾಳು ಬಳಿಯುತ್ತಿದ್ದರು.

ನಾವೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪಾದದ ಗಂಟಿನಲ್ಲಿ ಬಿರುಕು, ಪ್ಲಾಸ್ಟರ್. ಅಷ್ಟರಲ್ಲಿ ಅವರ ಊರಿನವರು ಬಂದರು, ಪೊಲೀಸರೂ ಬಂದರು. ನಾನು ಧೈರ್ಯವಾಗಿಯೇ ಇದ್ದೆ. ಇನ್ಶೂರೆನ್ಸ್ ಇದೆಯಲ್ಲ! ಮೊಬೈಲ್ ತೆಗೆದು ಪಿಡಿಎಫ್ ತೋರಿಸಿದೆ. ಆ ಪೊಲೀಸಪ್ಪ ಸ್ಕ್ರೀನ್ ಮೇಲೆ ಎರಡು ಬೆರಳು ಇಟ್ಟು ಅಗಲಿಸಿ ಓದಿದ. ಸಿಟ್ಟಿಲ್ಲ, ಜೋರಿಲ್ಲ. ತೆಲುಗಿನಲ್ಲಿ ಕೇಳಿದ್ದು ಇಷ್ಟೇ: "ಇದು ರಾತ್ರಿ ಹನ್ನೆರಡಕ್ಕೆ ಶುರುವಾಗುತ್ತದೆ. ಈಗ ಗಂಟೆ ಎಷ್ಟು?"

ನನ್ನ ಬಾಮೈದ ಪಾಪ ನಿಜವಾಗಿಯೂ ವಾಚ್ ನೋಡಿ "ಎಂಟೂ ಕಾಲು" ಅಂದ.

ಪಾಲಿಸಿಯಲ್ಲಿ ಅವಧಿ ಅನ್ನುವ ಸಾಲಿನಲ್ಲಿ ಸ್ಪಷ್ಟವಾಗಿತ್ತು: ನಾಳೆಯ ತಾರೀಖು, 00:00 ಗಂಟೆಯಿಂದ. ಡೆಲಿವರಿ ನೋಟ್‌ನಲ್ಲಿ ಇವತ್ತು 3:40. ಎರಡರ ನಡುವೆ ಎಂಟು ಗಂಟೆ ಇಪ್ಪತ್ತು ನಿಮಿಷ ಆ ಗಾಡಿಗೆ ಇನ್ಶೂರೆನ್ಸ್ ಇರಲಿಲ್ಲ, ಆದರೆ ಜವಾಬ್ದಾರಿ ಪೂರಾ ನನ್ನ ತಲೆ ಮೇಲೆ. ಅದೂ ನನ್ನದೇ ಸಹಿಯಲ್ಲಿ. ಎರಡೂ ಕಾಗದ ನನ್ನ ಜೇಬಿನಲ್ಲೇ ಇದ್ದವು. ಪಕ್ಕಪಕ್ಕ ಇಟ್ಟು ಒಂದು ಸಲ ನೋಡಿದ್ದರೆ ಸಾಕಿತ್ತು. ಎಂಟುನೂರು ರೂಪಾಯಿ ಕೊಟ್ಟು ಹೈದರಾಬಾದಿನಲ್ಲೇ ಲಾಡ್ಜ್ ಮಾಡಿ ಬೆಳಗ್ಗೆ ಹೊರಡುತ್ತಿದ್ದೆವು.

ಇನ್ಶೂರೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ದಂಡ ಮೊದಲ ಸಲಕ್ಕೆ 2,000 ರೂಪಾಯಿ, ಮೂರು ತಿಂಗಳ ಜೈಲಿಗೂ ಅವಕಾಶ ಇದೆ. ದಂಡ ಕಟ್ಟಿದೆ. ಅದು ಲೆಕ್ಕಕ್ಕೇ ಇಲ್ಲ. ಆ ಹಿರಿಯರ ಆಸ್ಪತ್ರೆ, ಎಕ್ಸೆಲ್ ರಿಪೇರಿ, ಎರಡು ತಿಂಗಳು ಕೆಲಸಕ್ಕೆ ಹೋಗಲಾಗದ್ದಕ್ಕೆ, ಚೆಲ್ಲಿದ ತೊಗರಿಗೆ ಎಲ್ಲ ಸೇರಿ 52,000. ಅವರ ಮನೆಯವರು ಒಳ್ಳೆಯವರು, ಕೇಸು ಬೇಡ ಅಂದರು. ಅವರು ಬೇಕು ಅಂದಿದ್ದರೆ ನನ್ನ ಗತಿ ಏನಾಗುತ್ತಿತ್ತು ಅನ್ನುವುದನ್ನು ಆಮೇಲೆ ರಾಯಚೂರಿನ ವಕೀಲ ಮಿತ್ರರು ಬಿಡಿಸಿ ಹೇಳಿದರು. ಇನ್ಶೂರೆನ್ಸ್ ಇಲ್ಲದ ಗಾಡಿ ಆಕ್ಸಿಡೆಂಟ್ ಮಾಡಿದರೆ, ಪರಿಹಾರಕ್ಕೆ ತಕ್ಕ ಭದ್ರತೆ ಕಟ್ಟುವವರೆಗೆ ಅದು ಸ್ಟೇಷನ್ ಮುಂದೆಯೇ ನಿಲ್ಲುತ್ತದೆ. ಪರಿಹಾರ ಯಾರ ಮೇಲೆ? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂದರೆ ನಾನು ಮುಖವನ್ನೇ ನೋಡದ, ಹೈದರಾಬಾದಿನ ಯಾವುದೋ ಮನೆಯಲ್ಲಿ ಊಟ ಮಾಡುತ್ತಿದ್ದ ಮನುಷ್ಯನಿಗೆ ನೋಟಿಸ್ ಹೋಗುತ್ತಿತ್ತು. ಅವನು ಡೆಲಿವರಿ ನೋಟ್ ಹಿಡಿದು ನನ್ನ ಮೇಲೆ ಬರುತ್ತಿದ್ದ.

ಇಲ್ಲಿ ಒಂದು ಗೊಂದಲ ಬಿಡಿಸುತ್ತೇನೆ, ಯಾಕೆಂದರೆ ಎಲ್ಲರೂ ಕೇಳುತ್ತಾರೆ. ಪಾಲಿಸಿ ಹಳೇ ಮಾಲೀಕನ ಹೆಸರಿನಲ್ಲಿದ್ದರೆ ನಾವು ಓಡಿಸಬಹುದಾ? ಪಾಲಿಸಿ ಚಾಲ್ತಿಯಲ್ಲಿದ್ದರೆ ಥರ್ಡ್ ಪಾರ್ಟಿ ಮಟ್ಟಿಗೆ ಗಾಡಿಯ ಜೊತೆ ಅದೂ ಬಂತು ಅಂತಲೇ ಕಾನೂನು ನೋಡುತ್ತದೆ. ಹದಿನಾಲ್ಕು ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ನಮ್ಮ ಗಾಡಿಗೆ ಆದ ಡ್ಯಾಮೇಜಿನ ಕ್ಲೇಮು ಮಾತ್ರ ಹೆಸರು ಬದಲಾಗದೆ ಸಿಗುವುದಿಲ್ಲ. ಹಳೆಯವನ ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಮಗೆ ಬರುವುದಿಲ್ಲ, ಅದು ಅವನದ್ದು. ನಂಬರ್ ಪ್ಲೇಟ್ ತೆಲಂಗಾಣದ್ದೇ ಇರಲಿ, ತೊಂದರೆ ಇಲ್ಲ. ಆರ್‌ಸಿ, ಜೀವಂತ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ನಿಮ್ಮ ಲೈಸೆನ್ಸ್, ಮಾಲೀಕತ್ವ ಬದಲಾವಣೆಗೆ ಸಹಿ ಆದ ಫಾರಂ 29, 30 ಮತ್ತು ಡೆಲಿವರಿ ನೋಟ್ ಕೈಯಲ್ಲಿದ್ದರೆ ರಾಜಾರೋಷವಾಗಿ ಮನೆಗೆ ಓಡಿಸಿಕೊಂಡು ಬರಬಹುದು.

ಮನೆಗೆ ಬಂದ ಮೇಲೆ ಇನ್ನೊಂದು ಅಧ್ಯಾಯ.

ಎನ್‌ಒಸಿ ಬಗ್ಗೆ ಕನ್ಸಲ್ಟೆನ್ಸಿಯವನು "ನಮ್ಮ ಹುಡುಗ ಮಾಡಿಸಿ ಕೊರಿಯರ್ ಮಾಡ್ತಾನೆ ಭಯ್ಯಾ" ಅಂದಿದ್ದ. ಎನ್‌ಒಸಿ ಅಂದರೆ ಆ ರಾಜ್ಯದ ಆರ್‌ಟಿಓ ಗಾಡಿಯನ್ನು ಬಿಟ್ಟುಕೊಡುವ ಕಾಗದ. ಅದು ಇಲ್ಲದೆ ರಾಯಚೂರು ಆರ್‌ಟಿಓದಲ್ಲಿ ಕೆಎ-36 ನಂಬರಿಗೆ ಅರ್ಜಿ ಮುಂದೆ ಹೋಗುವುದೇ ಇಲ್ಲ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡಿದ್ದೆ. ಎನ್‌ಒಸಿಗೆ ಬೇಕಾದ ಫಾರಂ 28ಕ್ಕೆ ಸಹಿ ಇರಲಿಲ್ಲ. ಆನ್‌ಲೈನ್ ಅರ್ಜಿ ಹಾಕಲು ಹೋದರೆ ಓಟಿಪಿ ಮಾಲೀಕನ ಮೊಬೈಲಿಗೆ. ಮಾಲೀಕನ ಪರಿಚಯ ನನಗಿಲ್ಲ, ಕನ್ಸಲ್ಟೆನ್ಸಿಯವನ ಫೋನು ಸ್ವಿಚ್ ಆಫ್. ನಮ್ಮ ಹುಡುಗ, ನಮ್ಮ ಹುಡುಗ ಅಂತಿದ್ದನಲ್ಲ, ಆ ಹುಡುಗನನ್ನು ನಾನು ಇವತ್ತಿನವರೆಗೆ ನೋಡಿಲ್ಲ.

ಮೂರು ಸಲ ಹೈದರಾಬಾದಿಗೆ ಹೋದೆ. ಆರ್‌ಸಿಯಲ್ಲಿದ್ದ ವಿಳಾಸಕ್ಕೆ ಹೋದರೆ ಅವರು ಮನೆ ಬದಲಿಸಿದ್ದರು. ಕೆಳಗಿನ ಕಿರಾಣಿ ಅಂಗಡಿಯವರಿಂದ ಹೊಸ ಮನೆ ಪತ್ತೆಯಾಯಿತು. ಸಿಕ್ಕವರು ಒಬ್ಬ ರಿಟೈರ್ಡ್ ಮೇಷ್ಟ್ರು. ಅವರಿಗೂ ಗಾಬರಿ, ತಮ್ಮ ಗಾಡಿ ಯಾವಾಗಲೋ ಬೇರೆಯವರ ಹೆಸರಿಗೆ ಆಗಿರಬೇಕು ಅಂದುಕೊಂಡಿದ್ದರಂತೆ. ಚಹಾ ಕೊಟ್ಟರು, ಓಟಿಪಿಯನ್ನೂ ಕೊಟ್ಟರು. ಅರ್ಜಿ ಹಾಕಿದರೆ ಗಾಡಿ ಮೇಲೆ ಹನ್ನೊಂದು ಚಲನ್ ಬಾಕಿ. ಜೊತೆಗೆ ತೀರಿದ ಸಾಲದ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಹಾಗೇ ಉಳಿದಿತ್ತು. ಅದನ್ನು ತೆಗೆಸಲು ಫಾರಂ 35, ಬ್ಯಾಂಕಿನ ಪತ್ರ, ಮತ್ತೆ ಅವರದ್ದೇ ಸಹಿ. ಚಲನ್ ನಾನೇ ಕಟ್ಟಿದೆ. ದುಡ್ಡು ಕೊಡುವ ಮೊದಲು ಗಾಡಿ ನಂಬರ್ ಹಾಕಿ ನೋಡಿದ್ದರೆ ಚಲನ್, ಬ್ಯಾಂಕಿನ ಹೆಸರು ಎರಡೂ ಅಲ್ಲೇ ಗೊತ್ತಾಗುತ್ತಿದ್ದವು, ರೇಟಿನಲ್ಲಿ ಮುರಿದುಕೊಳ್ಳಬಹುದಿತ್ತು.

ಇದಕ್ಕೆಲ್ಲ ಒಂದು ಸುಲಭ ದಾರಿ ಇತ್ತು, ನನಗೆ ತಡವಾಗಿ ತಿಳಿಯಿತು. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಮಾರುವ ಡೀಲರ್‌ಗಳು ಆರ್‌ಟಿಓದಿಂದ ಅಧಿಕೃತ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಅಂಥವರಿಗೆ ಗಾಡಿ ಒಪ್ಪಿಸುವಾಗ ಮಾಲೀಕ ಫಾರಂ 29ಸಿ ಕೊಡುತ್ತಾನೆ. ಅಲ್ಲಿಂದ ಡೀಲರ್‌ನೇ ಮಾಲೀಕನ ಜಾಗದಲ್ಲಿ ನಿಂತು ಎನ್‌ಒಸಿ, ಹೆಸರು ಬದಲಾವಣೆಗೆ ಅರ್ಜಿ ಹಾಕಬಹುದು. ಮೇಷ್ಟ್ರನ್ನು ಹುಡುಕಿಕೊಂಡು ಗಲ್ಲಿ ಗಲ್ಲಿ ತಿರುಗುವ ಕೆಲಸವೇ ಇರುವುದಿಲ್ಲ. ಆ ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ. ನಾನು ಹೋದ ಅಂಗಡಿಯ ಗೋಡೆ ಮೇಲೆ ದೇವರ ಫೋಟೋ ಬಿಟ್ಟು ಬೇರೇನೂ ಇರಲಿಲ್ಲ.

"ಒಂದು ವರ್ಷ ಹಂಗೇ ಓಡಿಸಬಹುದು, ಏನ್ ಆಗ್ತದ" ಅಂತ ನಮ್ಮಲ್ಲಿ ಹೇಳುವವರು ಬಹಳ ಜನ. ಆ ಹನ್ನೆರಡು ತಿಂಗಳ ಲೆಕ್ಕ ಇರುವುದು ಹೊಸ ರಾಜ್ಯದ ನಂಬರ್ ಹಾಕಿಸಿಕೊಳ್ಳುವುದಕ್ಕೆ. ಮಾಲೀಕತ್ವದ ಬದಲಾವಣೆಯನ್ನು ಕೊಂಡವನು ಮೂವತ್ತು ದಿನದೊಳಗೆ ತಿಳಿಸಬೇಕು. ಎರಡನ್ನೂ ಕಲಸಿ ಹೇಳುತ್ತಾರೆ, ನಾವೂ ನಂಬುತ್ತೇವೆ.

ಕೊನೆಗೆ ಲೈಫ್ ಟ್ಯಾಕ್ಸ್. ತೆಲಂಗಾಣದಲ್ಲಿ ಕಟ್ಟಿದ್ದು ಇಲ್ಲಿ ನಡೆಯುವುದಿಲ್ಲ, ಕರ್ನಾಟಕಕ್ಕೆ ಮತ್ತೆ ಕಟ್ಟಬೇಕು. ನಮ್ಮಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಹೊಸ ಕಾರಿಗೆ 14 ಪರ್ಸೆಂಟ್, ಹಳೇ ಗಾಡಿಗೆ ವಯಸ್ಸು ನೋಡಿ ಇಳಿಯುತ್ತದೆ. ಇಳಿದರೂ, ನಾನು ಉಳಿಸಿದೆ ಅಂದುಕೊಂಡ ಅರವತ್ತೈದು ಸಾವಿರದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಉಳಿದದ್ದನ್ನು ಬಸ್ ಚಾರ್ಜು, ಚಲನ್ನು ನುಂಗಿದವು. ಆ 52,000 ಮೈಮೇಲೆ. ಇಲ್ಲೇ ಸಿಂಧನೂರಿನಲ್ಲೋ ರಾಯಚೂರಿನಲ್ಲೋ ತೆಗೆದುಕೊಂಡಿದ್ದರೆ ಆಗುತ್ತಿತ್ತಲ್ಲ ಅಂತ ನನ್ನ ಹೆಂಡತಿ ಅಂದಾಗ ಉತ್ತರ ಕೊಡಲಿಲ್ಲ.

ಎನ್‌ಒಸಿ ಐದನೇ ತಿಂಗಳಿಗೆ ಬಂತು. ಮಕ್ತಲ್ ಹತ್ತಿರದ ಆ ಹಿರಿಯರು ಈಗ ನಡೆದಾಡುತ್ತಾರೆ. ನನ್ನ ಬಾಮೈದ ಕಾರು ಹತ್ತುವಾಗಲೆಲ್ಲ "ಮಾವ, ಈಗ ಗಂಟೆ ಎಷ್ಟು?" ಅಂತ ಕಾಡಿಸುತ್ತಾನೆ. ಹೋದ ವಾರ, ಇಷ್ಟು ದಿನ ಸ್ವಿಚ್ ಆಫ್ ಇದ್ದ ಆ ಕನ್ಸಲ್ಟೆನ್ಸಿ ನಂಬರಿನಿಂದ ವಾಟ್ಸಾಪ್‌ಗೆ ನಾಲ್ಕು ಫೋಟೋ ಬಂದವು. 2018 ಮಾಡೆಲ್, ಸಿಂಗಲ್ ಓನರ್, ಇನ್ಶೂರೆನ್ಸ್ ಕರೆಂಟ್ ಇದೆ ಅಂತ ಬರೆದಿದ್ದ. ಪಾಲಿಸಿ ಯಾವ ದಿನ, ಎಷ್ಟು ಗಂಟೆಯಿಂದ ಶುರು ಅಂತ ಕೇಳಿದೆ. ಹೆಬ್ಬೆರಳು ಎತ್ತಿದ ಒಂದು ಚಿತ್ರ ಬಂತು, ಅಷ್ಟೇ.