ತಾಯಿ ಕಾರ್ಡ್: ಪುಕ್ಕಟೆ ಸಿಗುತ್ತದೆ, ಒಂದು ಸಲ ಪೂರ್ತಿ ಓದಿ

ಬಸಿರಿ ಅಂತ ಗೊತ್ತಾದ ಕೂಡಲೇ ಮೊಬೈಲ್‌ಗೆ ಆಪ್ ಹಾಕಿಕೊಳ್ಳುವವರು, ಇಂಗ್ಲಿಷ್ ಪುಸ್ತಕ ತರಿಸುವವರು ನಮ್ಮ ಕಲಬುರಗಿಯಲ್ಲೂ ಈಗ ಜಾಸ್ತಿ. ನಾನೂ ಅವನ್ನೆಲ್ಲ ನೋಡಿದೆ. ಆದರೆ ಸರ್ಕಾರಿ ದವಾಖಾನೆಯಲ್ಲಿ ಕೊಡುವ, ಬಸಿರಿನ ತಪಾಸಣೆಯಿಂದ ಮಗುವಿನ ಲಸಿಕೆ ತನಕ ಎಲ್ಲ ಬರೆದಿಡುವ ತಾಯಿ ಕಾರ್ಡ್‌ನಷ್ಟು ನನಗೆ ಕೆಲಸಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ. ಬೇಜಾರು ಏನಂದರೆ, ಅದನ್ನು ನಾವು ರೇಷನ್ ಕಾರ್ಡ್ ಥರ ಚೀಲದಲ್ಲಿ ಇಟ್ಟುಕೊಂಡು ಕೇಳಿದಾಗ ತೋರಿಸುತ್ತೇವೆ ಅಷ್ಟೇ. ಯಾರೂ ಓದುವುದಿಲ್ಲ.

ಬಸಿರಿನ ಮೊದಲ 12 ವಾರದೊಳಗೆ ಹೆಸರು ಬರೆಸಬೇಕು. ಆಶಾ ಅಕ್ಕನಿಗೆ ಹೇಳಿದರೆ ಅವರೇ ಕರೆದುಕೊಂಡು ಹೋಗುತ್ತಾರೆ. ಕಡೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ ಹೆರಿಗೆಯ ಅಂದಾಜು ತಾರೀಖು ಬರೆಯುತ್ತಾರೆ. ಆಮೇಲೆ ಪ್ರತಿ ತಪಾಸಣೆಯಲ್ಲಿ ತೂಕ, ಬಿಪಿ, ರಕ್ತ, ಮೂತ್ರದ ಲೆಕ್ಕ. ಕಡಿಮೆ ಅಂದರೂ ನಾಲ್ಕು ತಪಾಸಣೆ ಆಗಲೇಬೇಕು.

ಈ ಖಾನೆಗಳು ತುಂಬಿವೆಯಾ ಅಂತ ನಾವೇ ನೋಡಿಕೊಳ್ಳಬೇಕು. ಇದನ್ನು ಒತ್ತಿ ಹೇಳುತ್ತೇನೆ. ನಾನು ಮೊದಮೊದಲು ತೋರಿಸುತ್ತಿದ್ದ ಕಡೆ ಬಿಪಿ, ತೂಕ ಬರೆದು ಹಿಮೋಗ್ಲೋಬಿನ್ ಖಾನೆಯಲ್ಲಿ ಸುಮ್ನೆ ಒಂದು ಅಡ್ಡಗೆರೆ ಎಳೆದು ಕಳಿಸುತ್ತಿದ್ದರು. ಕುಬಸ (ಸೀಮಂತ) ಮುಗಿಸಿಕೊಂಡು ಸುರಪುರ ಕಡೆ ತವರಿಗೆ ಹೋದೆ. ಅಲ್ಲಿಯ ಡಾಕ್ಟರ್ ಮೇಡಂ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.2 ಬಂತು. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗೆ ಹೋದರೆ ತೀರಾ ಅಪಾಯ. ಮೇಡಂ ಕಾರ್ಡ್ ತಿರುಗಿಸಿ ನೋಡಿ, ಆ ಅಡ್ಡಗೆರೆ ಮೇಲೆ ಬೆರಳಿಟ್ಟು, "ಮೊದಲು ಎಷ್ಟಿತ್ತಮ್ಮಾ? ಇಳೀತಾ ಬಂತೋ, ಮೊದಲಿಂದಲೂ ಇಷ್ಟೇನೋ?" ಅಂದರು. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಸಲಾಯಿನ್ ಹಚ್ಚಿ ಕಬ್ಬಿಣದ ಔಷಧ ಕೊಟ್ಟರು, ಹೆರಿಗೆ ಹೊತ್ತಿಗೆ ಸುಧಾರಿಸಿತು. ಮೊದಲ ಹೆರಿಗೆಗೆ ತವರಿಗೆ ಹೋಗುವವರು, ಕೆಲಸಕ್ಕೆ ಪುಣೆ, ಮುಂಬೈ, ಬೆಂಗಳೂರು ಅಂತ ಗುಳೆ ಹೋಗುವವರು ನಮ್ಮಲ್ಲಿ ಎಷ್ಟು ಮಂದಿ! ಊರು ಬದಲಾದಾಗ ಹೊಸ ಡಾಕ್ಟರಿಗೆ ನಮ್ಮ ಹಿಂದಿನದೆಲ್ಲ ಹೇಳುವುದು ಈ ಕಾರ್ಡ್ ಒಂದೇ. ಅದಕ್ಕೇ ಖಾನೆ ಖಾಲಿ ಬಿಟ್ಟರೆ ಅಲ್ಲೇ ನಿಂತು ಕೇಳಿ. ನಾಚಿಕೆ ಬೇಡ.

ಕಬ್ಬಿಣದ ಗುಳಿಗೆ ನಾಲ್ಕನೇ ತಿಂಗಳಿಂದ ದಿನಕ್ಕೆ ಒಂದರಂತೆ 180, ಹೆರಿಗೆ ಆದ ಮೇಲೆ ಮತ್ತೆ 180. ಕ್ಯಾಲ್ಸಿಯಂ ದಿನಕ್ಕೆ ಎರಡು. ಇವನ್ನು ಒಟ್ಟಿಗೆ ನುಂಗಬಾರದು, ಕಬ್ಬಿಣ ಮೈಗೆ ಹತ್ತುವುದಿಲ್ಲ, ನಡುವೆ ಎರಡು ತಾಸಾದರೂ ಬಿಡಬೇಕು. ಚಹಾ ಜೊತೆಗಂತೂ ಬೇಡವೇ ಬೇಡ. ಮಲ ಕಪ್ಪಾದರೆ ಹೆದರಿ ಗುಳಿಗೆ ಬಿಡಬೇಡಿ, ಅದು ಕಬ್ಬಿಣದಿಂದಲೇ. ಈ ಮಾತೆಲ್ಲ ನನಗೆ ಸಿಸ್ಟರ್ ಹೇಳಿದ್ದು. ಕಾರ್ಡ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು, ಯಾಕಂದರೆ ಗುಳಿಗೆ ತಂದು ಕಪಾಟಿನಲ್ಲಿ ಇಡುವ ಮನೆಗಳೇ ಜಾಸ್ತಿ.

ನನಗೆ ಬಹಳ ಹಿಡಿಸಿದ್ದು ಅಪಾಯದ ಚಿಹ್ನೆಗಳ ಚಿತ್ರಗಳು. ರಕ್ತ ಹೋಗುವುದು, ಜೋರು ತಲೆನೋವು, ಕಣ್ಣು ಮಂಜಾಗುವುದು, ಮೈಯೆಲ್ಲ ಬಾವು, ಫಿಟ್ಸ್, ಜ್ವರ, ಬೇನೆ ಇಲ್ಲದೆ ನೀರು ಒಡೆಯುವುದು, ಮಗುವಿನ ಅಲುಗಾಟ ಕಡಿಮೆ ಆಗುವುದು. ಇವುಗಳಲ್ಲಿ ಒಂದು ಕಂಡರೂ ಕಾಯಬಾರದು, 108ಕ್ಕೆ ಫೋನ್ ಮಾಡಬೇಕು. ನಮ್ಮ ಅವ್ವನಿಗೆ ಓದಲು ಬರುವುದಿಲ್ಲ, ಚಿತ್ರ ನೋಡಿಯೇ ಎಲ್ಲ ತಿಳಿದುಕೊಂಡಳು. ಗಂಡಂದಿರೂ ಈ ಪುಟವನ್ನು ಫೋನ್‌ನಲ್ಲಿ ಫೋಟೊ ತೆಗೆದು ಇಟ್ಟುಕೊಳ್ಳಿ.

ಹೆರಿಗೆ ಆದ ಮೇಲೂ ಕಾರ್ಡ್ ಬೇಕು. ಒಂದು ತಾಸಿನೊಳಗೆ ಎದೆಹಾಲು, ಆರು ತಿಂಗಳ ತನಕ ಬೇರೇನೂ ಬೇಡ ಅಂತ ಇದೆ. ನಮ್ಮ ಮನೆಯಲ್ಲಿ ಮೊದಲ ಹಳದಿ ಹಾಲು ಹಿಂಡಿ ಚೆಲ್ಲುವುದು, ಜೇನುತುಪ್ಪ ನೆಕ್ಕಿಸುವುದು ಹಿಂದಿನಿಂದ ನಡೆದುಬಂದಿತ್ತು. ಅಜ್ಜಿ ಜೊತೆ ವಾದ ಮಾಡದೆ ಕಾರ್ಡ್ ಮುಂದಿಟ್ಟೆ. ಒಪ್ಪಿಕೊಂಡಳು. ನಮ್ಮ ಕಡೆಯ ಬೇಸಿಗೆಯಲ್ಲಿ ಮಗುವಿಗೆ ನೀರು ಹಾಕು ಅಂತ ಹತ್ತು ಜನ ಹೇಳುತ್ತಾರೆ. ಎದೆಹಾಲಿನಲ್ಲೇ ಬೇಕಾದಷ್ಟು ನೀರು ಇರುತ್ತದೆ, ನೀರು ಕುಡಿಯಬೇಕಾದದ್ದು ಬಾಣಂತಿ. ಲಸಿಕೆಯ ಪಟ್ಟಿ, ಬೆಳವಣಿಗೆಯ ಗೆರೆ (ಹೆಣ್ಣು ಮಗುವಿಗೆ ಗುಲಾಬಿ, ಗಂಡಿಗೆ ನೀಲಿ) ಎಲ್ಲ ಇದರಲ್ಲೇ ಇವೆ. ದವಾಖಾನೆಯಲ್ಲಿ ಹೆತ್ತವರ ಮನೆಗೆ ಆಶಾ ಅಕ್ಕ 3, 7, 14, 21, 28, 42ನೇ ದಿನ ಬಂದು ಮಗುವನ್ನು ನೋಡಬೇಕು. ಬರದಿದ್ದರೆ ನೀವೇ ಕರೆಸಿ.

ಕೊರತೆಯೂ ಇದೆ. ಎಲ್‌ಎಂಪಿ (ಕಡೆಯ ಮುಟ್ಟಿನ ದಿನ), ಇಡಿಡಿ (ಹೆರಿಗೆಯ ಅಂದಾಜು ತಾರೀಖು), ಎಚ್‌ಬಿ (ಹಿಮೋಗ್ಲೋಬಿನ್) ಇವನ್ನೆಲ್ಲ ಬರೀ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ತಾಂಡಾದ ಹುಡುಗಿಗೆ ಏನು ಅರ್ಥ ಆಗಬೇಕು? ಉರ್ದು ಅಷ್ಟೇ ಓದುವವರು ಕಲಬುರಗಿ, ಬೀದರ್‌ನಲ್ಲಿ ಇದ್ದಾರೆ, ಅವರಿಗೂ ಬೇಕಲ್ವಾ. ಮಡಚುವ ಕಡೆ ಕಾಗದ ಬೇಗ ಹರಿಯುತ್ತದೆ, ಪ್ಲಾಸ್ಟಿಕ್ ಕವರ್ ಹಾಕಿಸಿ. ಇನ್ನೊಂದು ದೊಡ್ಡ ಕೊರತೆ: ಬಾಣಂತಿಯ ಮನಸ್ಸಿನ ಬಗ್ಗೆ ನನ್ನ ಕಾರ್ಡ್‌ನಲ್ಲಿ ಏನೂ ಕಾಣಲಿಲ್ಲ. ಕಾರಣ ಇಲ್ಲದೆ ಅಳು, ನಿದ್ದೆ ಬಾರದಿರುವುದು, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿರುವುದು, ಇವು ಎರಡು ವಾರ ದಾಟಿದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಅದನ್ನೂ ಒಂದು ಚಿತ್ರ ಹಾಕಿ ತೋರಿಸಲಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಖಾಸಗಿ ದವಾಖಾನೆಯಲ್ಲಿ ತೋರಿಸುವವರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕಾರ್ಡ್ ಮಾಡಿಸಿಕೊಳ್ಳಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ದವಾಖಾನೆಗಳಲ್ಲಿ ಬಸಿರಿಯರಿಗೆ ಡಾಕ್ಟರ್ ತಪಾಸಣೆ ಪುಕ್ಕಟೆ, ಗದ್ದಲ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ.