ಎಲ್‌ಇಡಿ ನಿಯಾನ್ ಬೋರ್ಡಿಗೆ ಸಿಲಿಕಾನೋ ಪಿವಿಸಿಯೋ: ಮಲೆನಾಡಿನ ಮಳೆಯಲ್ಲಿ ಬಳಸಿ ಕಂಡದ್ದು

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಹತ್ತಿರ ನಮ್ಮದೊಂದು ಕಾಫಿ ಪುಡಿ ಅಂಗಡಿ. ಹೊರಗಿನ ಬೋರ್ಡಿಗೆ ರಬ್ಬರಿನಂಥ ಸಿಲಿಕಾನ್ ಕವಚದ ಎಲ್‌ಇಡಿ ನಿಯಾನ್, ಒಳಗೋಡೆಗೆ ಪಿವಿಸಿ ಕವಚದ್ದು ಹಾಕಿಸಿ ಕೆಲವು ಮಳೆಗಾಲ ಕಳೆದಿವೆ. ಮಿಕ್ಕಿದ್ದ ಪಿವಿಸಿ ತುಂಡನ್ನು ಮೆಟ್ಟಿಲಿನ ಪಕ್ಕ ಬಾಣದ ಗುರುತಾಗಿ ಹೊರಗೇ ಹಾಕಿಸಿದ್ದೆ, ಎಷ್ಟು ಕಾಲ ತಾಳುತ್ತದೋ ನೋಡೋಣ ಎಂದು.

ಹೆಸರಿಗೆ ನಿಯಾನ್, ಆದರೆ ಇದರಲ್ಲಿ ಗಾಜಿನ ಕೊಳವೆಯೂ ಇಲ್ಲ, ಅನಿಲವೂ ಇಲ್ಲ. ತೆಳ್ಳನೆಯ ಎಲ್‌ಇಡಿ ಪಟ್ಟಿ, ಅದರ ಸುತ್ತ ಹಾಲುಬಣ್ಣದ ಮೆದು ಕವಚ, ಅಷ್ಟೇ. ದೀಪಗಳು ಚುಕ್ಕಿ ಚುಕ್ಕಿಯಾಗಿ ಕಾಣದಂತೆ ಬೆಳಕನ್ನು ಹರಡುವುದೂ ಆ ಕವಚ, ನೀರನ್ನು ತಡೆಯುವುದೂ ಅದೇ. ಮಾರುವವರು ಎಲ್‌ಇಡಿಯ ಗುಣಗಾನ ಮಾಡುತ್ತಾರೆ. ಕವಚ ಯಾವುದರದ್ದು ಎಂದರೆ 'ಎಲ್ಲವೂ ಒಂದೇ ಸಾರ್' ಎನ್ನುತ್ತಾರೆ. ಖಂಡಿತ ಒಂದೇ ಅಲ್ಲ.

ಮೆಟ್ಟಿಲಿನ ಬಾಣವೇ ಸಾಕ್ಷಿ. ಎರಡನೆಯ ಬೇಸಿಗೆ ಮುಗಿಯುವ ಹೊತ್ತಿಗೆ ಅದರ ಬಿಳುಪು ಹಳದಿಗೆ ತಿರುಗಿತ್ತು. ಈಗ ಉಗುರಿನಿಂದ ಒತ್ತಿದರೆ ತಗ್ಗುವುದಿಲ್ಲ. ಬಾಣದ ಮೂತಿಯ ಬಾಗಿನಲ್ಲಿ ಕೂದಲೆಳೆಯಂಥ ಬಿರುಕುಗಳೆದ್ದಿವೆ. ಪಿವಿಸಿ ಹುಟ್ಟಿನಿಂದ ಗಟ್ಟಿ ವಸ್ತು, ಅದಕ್ಕೆ ಮೆದುತನ ಬರುವುದು ಬೆರೆಸಿದ ಪ್ಲಾಸ್ಟಿಸೈಸರ್‌ನಿಂದ. ಬಿಸಿಲು ಶಾಖಗಳಿಗೆ ಆ ಅಂಶ ನಿಧಾನವಾಗಿ ಹೊರಹೋಗುತ್ತದೆ, ಕವಚ ಬಿರುಸಾಗುತ್ತದೆ. ಸಿಲಿಕಾನಿನ (silicone) ಬೆನ್ನೆಲುಬು ಹೆಚ್ಚುಕಡಿಮೆ ಅದೇ ಹೆಸರಿನ ಮೂಲಧಾತು (silicon) ಮತ್ತು ಆಮ್ಲಜನಕದ ಸರಪಳಿ. ಬಿಸಿಲಿನ ನೇರಳಾತೀತ ಕಿರಣ ಅದನ್ನು ಸುಲಭಕ್ಕೆ ಮುರಿಯದು. ಮೇಲಿನ ಬೋರ್ಡು ಇಂದಿಗೂ ಕೈಗೆ ಮೆತ್ತಗೇ ಸಿಗುತ್ತದೆ. ಅದೇ ಪಿವಿಸಿ ಒಳಗೋಡೆಯಲ್ಲಿ ಮಾತ್ರ ಹೊಸದರಂತೆಯೇ ಇದೆ. ನೆರಳಿನಲ್ಲಿರುವ ದೀಪಕ್ಕೆ ಸಿಲಿಕಾನಿನ ದುಡ್ಡು ಸುರಿಯುವುದು ದಂಡ.

ಕನ್ನಡದಲ್ಲಿ ಬೋರ್ಡು ಬರೆಸುವವರು ಇನ್ನೊಂದನ್ನು ಯೋಚಿಸಬೇಕು. ಇಂಗ್ಲಿಷಿನ ಎಲ್, ಟಿ ಅಕ್ಷರಗಳಿಗೆ ನೆಟ್ಟಗಿನ ಗೆರೆ ಸಾಕು. ನಮ್ಮ 'ಚಿ', 'ಫಿ', 'ಡಿ'ಗಳಲ್ಲಿ ಸುತ್ತಿನ ಮೇಲೆ ಸುತ್ತು. ಈ ಕೊಳವೆ ಒಂದೇ ದಿಕ್ಕಿಗೆ ಬಾಗುವಂಥದ್ದು. ಅಡ್ಡಕ್ಕೆ ತಿರುಚಿದರೆ ಒಳಗಿನ ತಾಮ್ರದ ದಾರಿ ಮುರಿದು ಅಷ್ಟು ಭಾಗ ಕತ್ತಲಾಗುತ್ತದೆ. ಸರಿಯಾದ ದಿಕ್ಕಿನಲ್ಲೂ ಪಿವಿಸಿ ಸಣ್ಣ ಸುತ್ತಿಗೆ ಸೆಟೆದು ನಿಲ್ಲುತ್ತದೆ, 6 ಮಿ.ಮೀ. ಅಗಲದ ಸಿಲಿಕಾನ್ ಹೇಳಿದಂತೆ ಕೇಳುತ್ತದೆ. ಚಿಕ್ಕಮಗಳೂರು ಎಂದು ಬರೆಸಿದರೆ 'ಕ್ಕ'ದ ಒತ್ತಿಗೆ ಬೇರೆ ತುಂಡೇ ಬೇಕು. ಎಲ್ಲೆಂದರಲ್ಲಿ ಕತ್ತರಿಸುವಂತೆಯೂ ಇಲ್ಲ, ಗುರುತಿರುವ ಕಡೆ ಮಾತ್ರ. ನಾವು ಕೊಂಡ 12 ವೋಲ್ಟಿನದರಲ್ಲಿ ಗುರುತು ಎರಡೂವರೆ ಸೆಂಟಿಮೀಟರಿಗೊಂದು. ಅಕ್ಷರ ತೀರಾ ಚಿಕ್ಕದಾದರೆ ಒತ್ತು ಕೂರುವುದೇ ಇಲ್ಲ.

ತುಂಡು ಹೆಚ್ಚಾದಷ್ಟೂ ತುದಿ ಹೆಚ್ಚು, ತುದಿ ಇದ್ದಲ್ಲೆಲ್ಲ ನೀರಿಗೆ ಬಾಗಿಲು. ನನ್ನ ನಿಜವಾದ ದೂರು ಇರುವುದು ಇಲ್ಲಿ. ನಮ್ಮ ಬೋರ್ಡಿನಲ್ಲಿ ಕವಚ ಎಲ್ಲಿಯೂ ಸೋರಲಿಲ್ಲ, ಸೋರಿದ್ದು ಎಂಡ್ ಕ್ಯಾಪ್, ಅಂದರೆ ತುದಿಗೆ ಕೂರಿಸುವ ಮುಚ್ಚಳ. ಸಿಲಿಕಾನಿಗೆ ಸಾಮಾನ್ಯ ಅಂಟು ಹಿಡಿಯುವುದೇ ಇಲ್ಲ, ಸಿಲಿಕಾನ್ ಅಂಟೇ ಆಗಬೇಕು. ಬೋರ್ಡು ಮಾಡಿದವನು ಮೆತ್ತಿದ್ದೂ ಸಿಲಿಕಾನ್ ಸೀಲಂಟನ್ನೇ (ಸಂದು ಮುಚ್ಚುವ ಅಂಟು), ಆದರೆ ಹಾರ್ಡ್‌ವೇರ್ ಅಂಗಡಿಯ ವಿನೆಗರ್ ವಾಸನೆಯದನ್ನು. ಅದು ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಮೊದಲ ಆಷಾಢದಲ್ಲೇ 'ಫಿ'ಯ ಗುಡಿಸು ನಂದಿತು. ಬಿಚ್ಚಿದರೆ ಬೆಸುಗೆಯ ಸುತ್ತ ಹಸಿರು ಕಿಲುಬು. ಆ ಆಮ್ಲ ಬಿಡದ, ವಿನೆಗರ್ ವಾಸನೆಯಿಲ್ಲದ 'ನ್ಯೂಟ್ರಲ್ ಕ್ಯೂರ್' ಸೀಲಂಟ್ ಹಾಕಿಸಿ, ತಂತಿಗಳೆಲ್ಲ ಕೆಳಮುಖವಾಗಿ ಬರುವಂತೆ ಮಾಡಿಸಿದ ಮೇಲೆ ಆ ಕಾಟವಿಲ್ಲ. ಐಪಿ 67 (ದೂಳು, ನೀರು ತಡೆಯುವ ದರ್ಜೆ) ಎಂದು ಅಚ್ಚಾಗಿದ್ದನ್ನೇ ನಂಬಿ ಕೂರಬೇಡಿ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆದರೆ ನೀರಿಗೆ ಸಂಬಂಧಿಸಿದ ಆ 7 ಸಿಗುತ್ತದೆ; ಕತ್ತರಿ ಹಾಕಿದ ಮರುಕ್ಷಣ ಅದು ಉಳಿಯುವುದು ಕ್ಯಾಪ್ ಕೂರಿಸಿದವನ ಕೈಗುಣದ ಮೇಲೆ. ಅಡಾಪ್ಟರನ್ನಂತೂ ಸೂರಿನ ಒಳಗೇ ಇಡಿಸಿ.

ಸಿಲಿಕಾನಿಗೂ ಕುಂದಿದೆ. ದೂಳನ್ನು ಎಳೆದುಕೊಳ್ಳುತ್ತದೆ. ಬೀಜ ಹುರಿದ ದಿನ ಹಾರುವ ತೆಳುಸಿಪ್ಪೆಯೆಲ್ಲ ಹೋಗಿ ಅದಕ್ಕೇ ಮೆತ್ತಿಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸದಿದ್ದರೆ ಬೆಳಕು ಮಂಕು. ಬ್ಲೇಡಿನ ಗೀರು ಬಿದ್ದರೆ ಅಲ್ಲಿಂದಲೇ ಸೀಳುತ್ತಾ ಹೋಗುತ್ತದೆ, ಈ ವಿಷಯದಲ್ಲಿ ಪಿವಿಸಿ ಗಟ್ಟಿಗ. ಬೆಲೆಯೂ ನಾನು ವಿಚಾರಿಸಿದ ಕಡೆಗಳಲ್ಲೆಲ್ಲ ಪಿವಿಸಿಯ ದುಪ್ಪಟ್ಟಿನ ಆಸುಪಾಸು.

ಅಷ್ಟು ಕೊಟ್ಟ ಮೇಲೆ ಮೋಸ ಹೋಗಬಾರದಲ್ಲ. ತುದಿಯಿಂದ ಚೂರು ಕವಚ ಕತ್ತರಿಸಿಕೊಂಡು ಬಯಲಿನಲ್ಲಿ, ಹೊಗೆ ಮೂಗಿಗೆ ಬಾರದಂತೆ ಇಕ್ಕಳದಲ್ಲಿ ಹಿಡಿದು ಸುಡಿ. ಸಿಲಿಕಾನ್ ಬಿಳಿ ಬೂದಿಯಾಗುತ್ತದೆ. ಪಿವಿಸಿ ಕಪ್ಪಾಗಿ ಕರಕಲಾಗುತ್ತದೆ, ಹೊಗೆ ಘಾಟು ಹೊಡೆಯುತ್ತದೆ. ಬಿಲ್ಲಿನಲ್ಲಿ ಬರಿಯ 'ನಿಯಾನ್ ಪೈಪ್' ಎಂದು ಬರೆದರೆ ಒಪ್ಪಬೇಡಿ, 'ಸಿಲಿಕಾನ್' ಎಂದೇ ಬರೆಸಿಕೊಳ್ಳಿ. ನಾನು ಹಾಗೆ ಕೇಳಿದಾಗ ಒಬ್ಬ ವ್ಯಾಪಾರಿ, ಅಲ್ಲಿಯವರೆಗೆ ತೋರಿಸುತ್ತಿದ್ದ ಸುರುಳಿಯನ್ನು ಒಳಗಿಟ್ಟು ಬೇರೊಂದನ್ನು ತಂದ.