ಬಿಳಿ ಪೆಟ್ರೋಲಿಯಂ ಜೆಲ್ಲಿ, 2 ಚಳಿಗಾಲದ ಬಳಕೆಯ ನಂತರ: ಜೆಲ್ಲಿಗೆ ಪೂರ್ತಿ ಅಂಕ, ಡಬ್ಬಿಗೆ ಇಲ್ಲ

ಜಿಡ್ಡು. ಮೊದಲ ದೂರು ಇದೇ. ಬಿರುಕು ಬಿಟ್ಟ ಕೈಗೆ ಹಗಲು ಹಚ್ಚಿಕೊಂಡರೆ ಮೊಬೈಲ್ ಪರದೆ ಮಬ್ಬಾಗುತ್ತೆ, ಸ್ಟೀಲ್ ಲೋಟ ಜಾರುತ್ತೆ, ಬಾಗಿಲ ಹಿಡಿಕೆ ಮೇಲೆಲ್ಲ ಬೆರಳ ಗುರುತು. ದಿನಕ್ಕೆ 15–20 ಸಲ ಕೈ ತೊಳೆಯುವವರು ಈ ಕಾರಣಕ್ಕೇ ಡಬ್ಬಿಯನ್ನು ಮೂಲೆಗೆ ಹಾಕಿಬಿಡ್ತಾರೆ. ಮೊದಲ ತಿಂಗಳಲ್ಲಿ ಬರೆದಿದ್ದರೆ ನಾನೂ 2 ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ.

ತಪ್ಪು ಹಚ್ಚುವ ರೀತಿಯಲ್ಲಿತ್ತು. ಜೆಲ್ಲಿಯಲ್ಲಿ ನೀರಿನ ಅಂಶವೇ ಇಲ್ಲ. ಅದು ತೇವ ಕೊಡಲ್ಲ, ಇರುವ ತೇವ ಆರಿಹೋಗದಂತೆ ಮುಚ್ಚಿಡುತ್ತೆ. ಪೂರ್ತಿ ಒಣಗಿದ ಕೈಗೆ ಹಚ್ಚಿದರೆ ಒಣ ಚರ್ಮದ ಮೇಲೆ ಜಿಡ್ಡು ಕೂರುತ್ತೆ, ಅಷ್ಟೇ. ತೊಳೆದ ಕೈಯನ್ನು ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿ. ನೀರು ತೊಟ್ಟಿಕ್ಕಬಾರದು, ಚರ್ಮ ಮಾತ್ರ ಇನ್ನೂ ತೇವವಾಗಿರಬೇಕು. ಆಗಲೇ ಹಚ್ಚಬೇಕು. ಎರಡೂ ಕೈಗೆ ಸೇರಿ ಒಂದು ಬಟಾಣಿ ಕಾಳಿನಷ್ಟು ಸಾಕು.

ಅಂಗೈಯಿಂದ ಶುರು ಮಾಡಬೇಡಿ. ಜೆಲ್ಲಿಯನ್ನು ಒಂದು ಕೈಯ ಹಿಂಬದಿಗೆ ಹಾಕಿ, ಎರಡೂ ಕೈಗಳ ಹಿಂಬದಿಯನ್ನೇ ಒಂದಕ್ಕೊಂದು ಉಜ್ಜಿ. ಆಮೇಲೆ ಗೆಣ್ಣು, ಬೆರಳ ಸಂದು, ಉಗುರಿನ ಬುಡ. ಬಿರುಕು ಬಿಡೋದು ಹಿಂಬದಿಯ ತೆಳು ಚರ್ಮವೇ. ಅಂಗೈಯ ದಪ್ಪ ಚರ್ಮಕ್ಕೆ ಅಷ್ಟು ಬೇಕಿಲ್ಲ. ಹೀಗೆ ಮಾಡಿದರೆ ಮೊಬೈಲಿಗೂ ಅಂಟಲ್ಲ. ಉಂಗುರ ತೆಗೆದೇ ಕೈ ತೊಳೆಯಿರಿ. ಅದರಡಿ ಸೋಪು ಉಳಿದು, ಕೆಂಪಾಗೋದು ಬಹಳ ಸಲ ಅಲ್ಲಿಂದಲೇ ಶುರು.

ರಾತ್ರಿ ಮಾತ್ರ ಧಾರಾಳವಾಗಿ ಹಚ್ಚಬಹುದು. ಪಾತ್ರೆ ಕೆಲಸ ಎಲ್ಲ ಮುಗಿದ ಮೇಲೆ ಬೆಚ್ಚಗಿನ ನೀರಿನಲ್ಲಿ ಕೈ ತೊಳೆದು (ಬಿಸಿ ನೀರು ಚರ್ಮದ ಎಣ್ಣೆಯನ್ನೆಲ್ಲ ಕಿತ್ತುಕೊಂಡು ಹೋಗುತ್ತೆ), ದಪ್ಪಗೆ ಬಳಿದು, ಹತ್ತಿಯ ಕೈಗವಸು ಹಾಕಿ ಮಲಗಬೇಕು. ಜೆಲ್ಲಿ ಹೀರಿದ ಬಟ್ಟೆ ಬೇಗ ಹೊತ್ತಿಕೊಳ್ಳುತ್ತೆ, ಆ ಗವಸಿನಲ್ಲಿ ಒಲೆ, ದೀಪದ ಹತ್ತಿರ ಹೋಗಬೇಡಿ. ಗುಣ ಗೊತ್ತಾಗೋದು ಸಾರಿಗೆ ಹುಣಸೆಹಣ್ಣು ಕಿವುಚುವಾಗ. ಗೆಣ್ಣಿನ ಬಿರುಕಿಗೆ ಹುಳಿ ತಾಗಿ ಚುರ್ ಅನ್ನುತ್ತಿತ್ತಲ್ಲ, ನಾಲ್ಕೈದು ರಾತ್ರಿ ಬಿಡದೆ ಹಚ್ಚಿದ ಮೇಲೆ ಆ ಉರಿ ಇರಲಿಲ್ಲ. ನನ್ನ ಮನಸ್ಸು ಬದಲಾದದ್ದು ಅಲ್ಲೇ.

ಸ್ಯಾನಿಟೈಸರ್ ಉರಿಗೂ ಇದೇ ಲೆಕ್ಕ. ಉರಿದ ಕೂಡಲೇ ಅಲರ್ಜಿ ಅಂದುಕೊಂಡು ಜನ ಮತ್ತೆ ಮತ್ತೆ ಸೋಪಿಗೆ ಹೋಗ್ತಾರೆ. ಸಾಮಾನ್ಯವಾಗಿ ಉರಿಯೋದು ಚರ್ಮ ಮೊದಲೇ ಒಡೆದಿರುವುದರಿಂದ, ಒಡೆಸಿದ್ದು ಹೆಚ್ಚಿನ ಸಲ ಸೋಪು. ಗಡಸಾದ ಬೋರ್‌ವೆಲ್ ನೀರಿದ್ದರೆ ಸೋಪಿನ ಜಿಗುಟು ಕೈಯಲ್ಲೇ ಉಳಿದು ಇನ್ನೂ ಕಷ್ಟ. ಕೈಯಲ್ಲಿ ಕಾಣುವ ಕೊಳೆ ಇಲ್ಲದಾಗ ಗ್ಲಿಸರಿನ್ ಇರುವ ಸ್ಯಾನಿಟೈಸರೇ ಚರ್ಮಕ್ಕೆ ಮೃದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೂ 80% ಎಥನಾಲ್ ಜೊತೆ 1.45% ಗ್ಲಿಸರಿನ್ ಇರೋದು ಚರ್ಮ ಒಣಗದಿರಲಿ ಅಂತಲೇ. ಒಣ ಕೈಗೆ ಹಾಕಿ 20–30 ಸೆಕೆಂಡು ಉಜ್ಜಿ. ಅದರ ಹಿಂದೆ ಮುಂದೆಯೇ ಸೋಪು ಹಾಕಬೇಡಿ, ಅಗತ್ಯವೂ ಇಲ್ಲ, ಚರ್ಮಕ್ಕೆ ಎರಡು ಪೆಟ್ಟು. ಊಟಕ್ಕೆ ಮುಂಚೆ, ಶೌಚದ ನಂತರ, ವಾಂತಿಭೇದಿ ಇರುವ ಮನೆಯಲ್ಲಿ ಸೋಪೇ ಬೇಕು.

ಜಿಡ್ಡು ಮೆತ್ತಿದ ಕೈಯಲ್ಲಿ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡಲ್ಲ. ಹಾಗಾಗಿ ಹಗಲಿಗೆ ವಾಸನೆ ಇಲ್ಲದ ತೆಳು ಲೋಷನ್, ರಾತ್ರಿಗೆ ಜೆಲ್ಲಿ. ಸುಗಂಧ ಬೆರೆಸಿದ ಜೆಲ್ಲಿ ಬೇಡವೇ ಬೇಡ, ಒಡೆದ ಚರ್ಮಕ್ಕೆ ಸುಗಂಧವೇ ಅಲರ್ಜಿ ತರಬಹುದು.

ಕೋಪ ಬರಿಸಿದ್ದು ಎರಡು. ಲ್ಯಾಟೆಕ್ಸ್ ಕೈಗವಸು ಜೆಲ್ಲಿ ತಾಗಿದರೆ ಹಿಗ್ಗಿ, ಬಲ ಕಳೆದುಕೊಂಡು ಹರಿಯುತ್ತೆ; ನೈಟ್ರೈಲ್ ಅನ್ನೋ ಕೃತಕ ರಬ್ಬರಿನ ಗವಸು ತಡೆಯುತ್ತೆ. ಆಸ್ಪತ್ರೆ, ಪ್ರಯೋಗಾಲಯದಲ್ಲಿ ದುಡಿಯುವವರಿಗೆ ಇದು ಸಣ್ಣ ವಿಷಯ ಅಲ್ಲ, ಡಬ್ಬಿಯ ಮೇಲೆ ಒಂದು ಸಾಲೂ ಇಲ್ಲ. ಇನ್ನೊಂದು, ಅಗಲ ಬಾಯಿಯ ಡಬ್ಬಿ. ಮನೆಯವರೆಲ್ಲ ಬೆರಳು ಅದ್ದಿ ಅದ್ದಿ ಕೂದಲು, ಹಿಟ್ಟು, ಅರಿಶಿನದ ಕಲೆ ಒಳಗೆ ಸೇರಿಬಿಟ್ಟಿವೆ. ಈಗ ಚಿಕ್ಕ ಚಮಚದಲ್ಲಿ ತೆಗೆಯೋದು ರೂಢಿ. ರಸಿಕೆ, ಹಳದಿ ಹಕ್ಕಳೆ ಕಂಡರೆ, ಅಥವಾ ಎರಡು ವಾರವಾದರೂ ಬಿರುಕು ಕೂಡದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಜೆಲ್ಲಿ ಬಳಿಯುತ್ತಾ ಕೂರಬೇಡಿ.

ಬೆಲೆ ಹ್ಯಾಂಡ್ ಕ್ರೀಮಿಗಿಂತ ಎಷ್ಟೋ ಕಡಿಮೆ, ಒಂದು ಡಬ್ಬಿ ಚಳಿಗಾಲ ಪೂರ್ತಿ ಬಂತು. 4 ಸ್ಟಾರ್. ಇದೇ ಜೆಲ್ಲಿ ಟ್ಯೂಬಿನಲ್ಲಿ ಸಿಕ್ಕಿದರೆ 5.